ಹತ್ತೊಂಬತ್ತನೆಯ ಬಿಲ್ಲೆ

ಸಂಕಪ್ಪಣ್ಣನಿಗೆ ಕೂತು ಅಭ್ಯಾಸವಿಲ್ಲ. ಪುಣೆಯ ಹತ್ತಿರ ದೇಹೂ ರೋಡಿನಲ್ಲಿರುವ ಅವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಎತ್ತರದ ಸ್ಟೂಲಿದೆ. ಕಳೆದ ವರ್ಷದವರೆಗಿನ ಆರು ವರ್ಷಗಳಲ್ಲಿ ಅವರು ಅದರ ಮೇಲೆ ಕೂತದ್ದನ್ನು ನಾನು ನೋಡಿದ್ದು ಎರಡೇ ಸಲ, ಅದೂ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲಿಕ್ಕೆ. ಉಳಿದ ಹೊತ್ತೆಲ್ಲ ಬಾಗಿಲಿಗೊಮ್ಮೆ ಅಡುಗೆಮನೆಗೊಮ್ಮೆ ಓಡಾಟ. ಮೂರನೇ ಟೇಬಲಿನಲ್ಲಿ ಸಾಂಬಾರು ಮುಗಿದದ್ದು ಸಪ್ಲಾಯರಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಹೆಂಡತಿ ಉಮಾವತಿಯಕ್ಕ ಹೇಳುವ ಪ್ರಕಾರ, ತಮ್ಮ ಮದುವೆಯ ಮಂಟಪದಿಂದಲೂ ಎರಡು ಸಲ ಎದ್ದು ಹೋಗಿ ಊಟದ ಪಂಕ್ತಿ ನೋಡಿಕೊಂಡು ಬಂದಿದ್ದರಂತೆ.

ಅಂಥ ಮನುಷ್ಯನನ್ನು ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ ಗುಡ್ಡದ ಬುಡದಲ್ಲಿ ಕೂರಿಸಿ ನಾವು ಇಪ್ಪತ್ತೆರಡು ಜನ ಮೇಲೆ ಹೋದೆವು. ಆ ದಿನ ಆದದ್ದಕ್ಕೆಲ್ಲ ಕಾರಣ ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವಷ್ಟು ತಾಳ್ಮೆ ನನಗಿಲ್ಲ.

ನಾನು ಇಂಪನಾ. ಊರು ಮಂಡ್ಯದ ಕಡೆ, ಕೆಲಸ ಹಿಂಜವಾಡಿಯಲ್ಲಿ, ವಾಸ ವಾಕಡದ ಒಂದು ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ, ಗೆಳತಿ ಹರ್ಷಿತಾಳ ಜೊತೆ. ಲಿಫ್ಟಿನ ಗುಂಡಿಯನ್ನು ಒಂದು ಸಲ ಒತ್ತಿದರೆ ಸಾಕೆಂದು ಗೊತ್ತಿದ್ದೂ ನಾಲ್ಕು ಸಲ ಒತ್ತುವವಳು ನಾನು. ಹರ್ಷಿತಾ ತುಮಕೂರಿನವಳು. ಅವಳದು ಬೇರೆ ಜಾತಿಯ ಕಷ್ಟ. ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳುವುದಕ್ಕೂ ಅವಳಿಗೆ ಸಂಕೋಚ. ಅವಳ ಪರವಾಗಿ ನಾನೇ ಕೂಗುತ್ತೇನೆ.

ಮೊದಲ ಸಲ ದೇಹೂ ರೋಡಿನ ಆ ಹೋಟೆಲಿಗೆ ಹೋದಾಗಲೂ ಕೂಗಿದ್ದು ನಾನೇ. "ಅಂಕಲ್, ನಮ್ ದೋಸೆ ಸ್ವಲ್ಪ ಬೇಗ ಕೊಡ್ಸಿ."

"ಅಂಕಲ್ ಎಂತದಕ್ಕೆ ಮಾರಾಯ್ರೆ? ಅಣ್ಣ ಅನ್ನಿ," ಎಂದರು ಸಂಕಪ್ಪಣ್ಣ. "ದೋಸೆ ಅದರ ಹೊತ್ತಿಗೆ ಕಾವಲಿಯಿಂದ ಏಳ್ತದೆ. ನೀವು ಹೆದರಿಸಿದ್ರೆ ಏಳುದಿಲ್ಲ."

ಅವರ ಊರು ಕಾರ್ಕಳದ ಹತ್ತಿರ. ಇಪ್ಪತ್ತೆರಡನೇ ವಯಸ್ಸಿಗೆ ಪುಣೆಗೆ ಬಂದು ಸೋದರಮಾವನ ಹೋಟೆಲಿನಲ್ಲಿ ನಿಂತರು, ಮೂವತ್ತನಾಲ್ಕಕ್ಕೆ ಸ್ವಂತದ್ದು ಮಾಡಿದರು. ಸುತ್ತಲಿನ ಗುಡ್ಡಗಳನ್ನು ಅವರು ಅಷ್ಟು ವರ್ಷ ನೋಡಿದ್ದು ರೈಲಿನ ಕಿಟಕಿಯಿಂದ ಮಾತ್ರ, ಅದೂ ಊರಿಗೆ ಹೋಗುವಾಗ. ಐವತ್ತೊಂದಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು. ನಡೆ ಎಂದರೆ ಓಡುವ ಜಾತಿ, ಮುಂದಿನ ಭಾನುವಾರವೇ ಹವಾಯಿ ಚಪ್ಪಲಿ ಹಾಕಿಕೊಂಡು ಲೋಣಾವಳಾದ ಆಚೆಗಿನ ಒಂದು ಕೋಟೆಗುಡ್ಡ ಹತ್ತಲು ಹೋದರು. ಯಾವ ಗುಡ್ಡ ಎಂದು ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರ ಅಲ್ಲಿ ಐನೂರು ಜನ ಸ್ಪೀಕರು ಹಿಡಿದುಕೊಂಡು ಬಂದಿರುತ್ತಾರೆ.

ಅರ್ಧ ದಾರಿಯಲ್ಲಿ ಕಡಿದಾದ ಒಂದು ಬಂಡೆಯಿದೆ. ಅದರ ನಡುವೆ ಸಂಕಪ್ಪಣ್ಣ ಸಿಕ್ಕಿಹಾಕಿಕೊಂಡರು. ಒಂದು ಗಂಟೆ ಹೊತ್ತು ಮೇಲಕ್ಕೂ ಹೋಗಲಾರರು, ಕೆಳಕ್ಕೂ ಬರಲಾರರು. ಆಡು ಮೇಯಿಸುತ್ತಿದ್ದ ಸಕ್ಕುಬಾಯಿ ಎಂಬ ಬುಡದ ಊರಿನ ಹೆಂಗಸು ಬಂದು, ಮರಾಠಿಯಲ್ಲಿ ಬಾಯ್ತುಂಬ ಬೈಯುತ್ತ, ಅವರ ಪಾದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಕಲ್ಲಂಚಿನ ಮೇಲೆ ಇಟ್ಟು ಇಳಿಸಿದರು. "ನನ್ನ ಕಾಲು ಮುಟ್ಟಿದವರು ಬೇರೆಯವರೂ ಉಂಟು," ಎನ್ನುತ್ತಾರೆ ಸಂಕಪ್ಪಣ್ಣ, "ಬೈದುಕೊಂಡು ಮುಟ್ಟಿದವಳು ಅವಳೊಬ್ಬಳೇ."

ಅಲ್ಲಿಂದ ಅವರಿಗೆ ಗುಡ್ಡದ ಹುಚ್ಚು ಹಿಡಿಯಿತು, ಹುಚ್ಚಿನ ಜೊತೆ ಭಯವೂ. ಪ್ರತಿ ಭಾನುವಾರ ಹೋಟೆಲಿನ ಗಿರಾಕಿಗಳನ್ನು ಕಟ್ಟಿಕೊಂಡು ಅದೇ ಗುಡ್ಡಕ್ಕೆ ಹೊರಡತೊಡಗಿದರು. ಫೀಸಿಲ್ಲ, ಹೆಸರಿಲ್ಲ, ಬೋರ್ಡಿಲ್ಲ. ಆದರೆ ಹತ್ತುವ ಮೊದಲು ಎಲ್ಲರನ್ನೂ ನಿಲ್ಲಿಸಿ ಕನ್ನಡ, ಮರಾಠಿ, ಹಿಂದಿ ಬೆರೆಸಿ ಅವರು ಹೇಳುವುದನ್ನು ಕೇಳಲೇಬೇಕು. ಸವೆದ ಶೂ ಹಾಕಿಕೊಂಡವರು ಅಲ್ಲೇ ಹಿಂದಕ್ಕೆ. ಪಾಚಿ ಹಿಡಿದ ಕಲ್ಲು ಎಣ್ಣೆ ಚೆಲ್ಲಿದ ಅಡುಗೆಮನೆ ಇದ್ದ ಹಾಗೆ, ಅದರ ಮೇಲೆ ಧೈರ್ಯ ತೋರಿಸುವುದು ಬೇಡ. ಹುಲ್ಲು ಹಿಡಿದು ಹತ್ತಬಾರದು, ಹುಲ್ಲಿಗೆ ನಿಮ್ಮ ಗುರುತಿಲ್ಲ. ಬಂಡೆಯಲ್ಲಿ ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಊರಿರಬೇಕು, ಒಂದೇ ಅಲುಗಬೇಕು. ಇಳಿಯುವಾಗ ಮುಖ ಬಂಡೆಯ ಕಡೆಗೆ. ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗಬೇಕು, ತುದಿ ಹತ್ತು ಹೆಜ್ಜೆ ದೂರವಿದ್ದರೂ ಸರಿಯೇ. ಕೊನೆಗೆ ಒಂದು: "ದಾರಿ ತಪ್ಪಿತು ಅನ್ನಿಸಿದ್ರೆ ಅಲ್ಲೇ ಕೂತ್ಕೊಳ್ಳಿ. ಮೂರು ಸಲ ಸೀಟಿ ಊದಿ. ಕೂತವರನ್ನು ಹುಡುಕಬಹುದು, ತಿರುಗುವವರನ್ನು ಹುಡುಕ್ಲಿಕ್ಕೆ ಆಗುದಿಲ್ಲ." ಇದನ್ನು ಹೇಳುವಾಗಲೂ ಅವರು ಆಚೀಚೆ ತಿರುಗುತ್ತಲೇ ಇರುತ್ತಿದ್ದರು.

ಬಿಲ್ಲೆಗಳ ಏರ್ಪಾಡು ಆಮೇಲೆ ಬಂದದ್ದು. ಒಂದು ಸಲ ಇಳಿದು ಬಂದು ಲೋಣಾವಳಾದಲ್ಲಿ ಲೋಕಲ್ ರೈಲು ಹತ್ತಿದ ಮೇಲೆ ಯಾರದೋ ಒಂದು ಚೀಲ ಹೆಚ್ಚಾಗಿ ಕಂಡಿತು. ಚೀಲದ ಯಜಮಾನ ಗುಡ್ಡದ ಮೇಲೆ ಬಂಡೆಯ ನೆರಳಿನಲ್ಲಿ ಸೊಗಸಾಗಿ ನಿದ್ದೆ ಮಾಡುತ್ತಿದ್ದ. ಆ ವಾರವೇ ಸಂಕಪ್ಪಣ್ಣ ಅಟ್ಟದಿಂದ ಹಳೆಯ ಹಿಂಗಿನ ಡಬ್ಬಿ ಇಳಿಸಿದರು. ಅದರೊಳಗೆ ಅಲ್ಯೂಮಿನಿಯಮ್ ಬಿಲ್ಲೆಗಳಿದ್ದವು. ಮಗ ಸುಖೇಶ್ ಕಂಪ್ಯೂಟರ್ ಬಿಲ್ಲು ತರುವ ಮೊದಲು ಕಾಫಿ ಕೌಂಟರಿನಲ್ಲಿ ಕೊಡುತ್ತಿದ್ದವು, ಒಂದೊಂದರ ಮೇಲೂ ಮೊಳೆಯಿಂದ ಕುಟ್ಟಿದ ನಂಬರು. ಹತ್ತುವ ಮೊದಲು ಒಬ್ಬೊಬ್ಬರಿಗೆ ಒಂದು. ಇಳಿದ ಮೇಲೆ ಅದನ್ನು ಅವರ ಅಂಗೈಯಲ್ಲಿ ಇಡಬೇಕು. ಎಲ್ಲರ ಊಟ ಬುಡದ ಊರಿನ ಸಕ್ಕುಬಾಯಿಯ ಮನೆಯಲ್ಲಿ. ಡಬ್ಬಿ ಪೂರ್ತಿ ತುಂಬುವವರೆಗೆ ಅಲ್ಲಿ ಯಾರಿಗೂ ಭಾಕರಿ ರೊಟ್ಟಿ ಬಡಿಸುವ ಹಾಗಿಲ್ಲ. ಜೇಬಿನಲ್ಲಿ ಬಿಲ್ಲೆ ಇಟ್ಟುಕೊಂಡರೆ ಇಡೀ ದಿನ ಬಟ್ಟೆಗೆ ಹಿಂಗಿನ ವಾಸನೆ. ನಾನು ಮೂಗು ಮುರಿಯುತ್ತಿದ್ದೆ.

ಇನ್ನೊಂದು ಏರ್ಪಾಡು ಕೆಂಪು ಬಟ್ಟೆಯದು. ಹೋಟೆಲಿನ ಟೇಬಲ್ ಒರೆಸಿ ಹಳತಾದ ಬಟ್ಟೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ದಾರಿ ಕವಲೊಡೆಯುವಲ್ಲೆಲ್ಲ ಮುಂದಿನವನು ಕಟ್ಟುತ್ತ ಹೋಗುತ್ತಾನೆ. ಇಳಿಯುವಾಗ ಎಲ್ಲರಿಗಿಂತ ಕೊನೆಗೆ ಬರುವವರು ಬಿಚ್ಚಿಕೊಂಡು ಬರುತ್ತಾರೆ. ಆ ಕೊನೆಯ ಜಾಗ ಯಾವಾಗಲೂ ಸಂಕಪ್ಪಣ್ಣನದೇ. ಅವರ ಹಿಂದೆ ಒಂದು ಆಡು ಉಳಿದರೂ ಅವರು ಇಳಿಯುತ್ತಿರಲಿಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಅವರ ಬಲ ಮೊಣಕಾಲಿಗೆ ನೀರು ತುಂಬಿತು. ಗುಡ್ಡದ ಹೆಸರೇ ಎತ್ತಬೇಡಿ ಎಂದರು ಡಾಕ್ಟರು. ಜುಲೈನ ಆ ಶನಿವಾರ ಸುಖೇಶ್ ನನಗೆ ಫೋನ್ ಮಾಡಿದ. "ಅಕ್ಕ, ಅಪ್ಪ ನಾಳೆ ಬಂದೇ ಬರ್ತಾರೆ. ಬರ್ಲಿ, ಆದ್ರೆ ಹತ್ಲಿಕ್ಕೆ ಬಿಡ್ಬೇಡಿ. ನಾನು ಹೇಳಿದ್ರೆ ಕೇಳುದಿಲ್ಲ."

ನಮ್ಮ ಮಾತನ್ನೂ ಅವರು ಕೇಳುತ್ತಿರಲಿಲ್ಲವೇನೋ. ಆದರೆ ಸಕ್ಕುಬಾಯಿ ಅಂಗಳದಲ್ಲಿ ಅಡ್ಡ ನಿಂತು ಬೈದ ಮೇಲೆ ಜಗಲಿಯ ಮೇಲೆ ಕೂತರು. ಮುಂದೆ ಹೋಗುವ ಕೆಲಸ ಮೈಸೂರಿನ ಮಿಥುನನಿಗೆ. ಕೊನೆಯ ಜಾಗ ಧರ್ಮಣ್ಣನಿಗೆ. ಧರ್ಮಣ್ಣ ವಿಜಯಪುರದ ಕಡೆಯವರು, ದೇಹೂ ರೋಡಿನಲ್ಲಿ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಹೇಳಿದ್ದನ್ನು ಗೆರೆ ಎಳೆದ ಹಾಗೆ ಮಾಡುವವರು. ನಾವು ಹೊರಟು ಮೊದಲ ತಿರುವಿನಲ್ಲಿ ತಿರುಗಿ ನೋಡಿದರೆ ಸಂಕಪ್ಪಣ್ಣ ಆಗಲೇ ಎದ್ದು ನಿಂತಿದ್ದರು.

ಹತ್ತೂವರೆಗೆ ತುದಿ ಮುಟ್ಟಿದೆವು. ಮಳೆ ಜೋರಿರಲಿಲ್ಲ, ಆದರೆ ಮಂಜು ದಟ್ಟವಾಗಿತ್ತು. ಕೋಟೆಯ ಗೋಡೆ ಯಾವುದು, ಆಕಾಶ ಯಾವುದು ಗೊತ್ತಾಗುತ್ತಿರಲಿಲ್ಲ. ಹನ್ನೊಂದಕ್ಕೆ ಹೇಳಿದ ಹಾಗೆ ತಿರುಗಿದೆವು. ಅರ್ಧ ಗಂಟೆ ಇಳಿದಿರಬೇಕು, ಪಾಳು ನೀರಿನ ತೊಟ್ಟಿಯ ಹತ್ತಿರ ಹರ್ಷಿತಾ ನನ್ನ ತೋಳು ಹಿಡಿದು ಎಳೆದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಹೊಟ್ಟೆ ಕೆಟ್ಟಿದೆ ಕಣೇ. ತಡ್ಕೊಳ್ಳೋಕೆ ಆಗ್ತಿಲ್ಲ. ಆ ಪೊದೆ ಹಿಂದೆ ಹೋಗಿ ಬಂದ್ಬಿಡ್ತೀನಿ."

"ಹೋಗು. ಧರ್ಮಣ್ಣೋರಿಗೆ ಹೇಳ್ತೀನಿ, ನಿಂತಿರ್ತಾರೆ."

"ಅಯ್ಯೋ ಬೇಡ್ವೇ! ಅವ್ರು ಇಲ್ಲೇ ನಿಂತ್ಕೋತಾರೆ, ನನಗೆ ನಾಚಿಕೆಯಾಗಿ ಸತ್ತೇ ಹೋಗ್ತೀನಿ. ನೀನು ನಿಂತ್ರೂ ಅವ್ರು ನಿಲ್ತಾರೆ. ನೀವಿಬ್ರೂ ಹೋಗಿ." ಅವಳು ಜೇಬಿನಿಂದ ಬಿಲ್ಲೆ ತೆಗೆದು ನನ್ನ ಕೈಯಲ್ಲಿ ಇಟ್ಟಳು. "ಇದನ್ನೂ ಕೊಟ್ಬಿಡು. ಇಲ್ಲಾಂದ್ರೆ ಎಲ್ರೂ ಹಸ್ಕೊಂಡು ನನಗೋಸ್ಕರ ಕಾಯ್ತಾರೆ, ಯಾಕೆ ಲೇಟು ಅಂತ ಕೇಳ್ತಾರೆ. ಹತ್ತೇ ನಿಮಿಷ."

ಹತ್ತೊಂಬತ್ತನೇ ನಂಬರಿನ ಬಿಲ್ಲೆ. ನನ್ನದು ಹದಿನೆಂಟು. ನನಗೂ ಹಸಿವಾಗಿತ್ತು, ಸಾಕ್ಸ್ ಒದ್ದೆಯಾಗಿ ಕಾಲು ತುರಿಸುತ್ತಿತ್ತು, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎರಡನ್ನೂ ಒಂದೇ ಜೇಬಿಗೆ ಹಾಕಿಕೊಂಡೆ. ಅವಳು ಮಂಜಿನೊಳಗೆ ಹೋದಳು.

ಎರಡು ನಿಮಿಷಕ್ಕೆ ಧರ್ಮಣ್ಣ ಬಂದರು. "ಹರ್ಷಿತಾ ಅವರು ಎಲ್ಲಿ ಅದಾರ್ರಿ?"

"ಮುಂದೆ ಹೋದ್ಲು."

"ಹೌದ್ರಿ? ನಾ ನೋಡಲೇ ಇಲ್ಲಲ್ಲ."

"ಈಗಷ್ಟೇ ಹೋದ್ಲು. ಬನ್ನಿ."

ಇದು ಮೊದಲ ಸುಳ್ಳು. ಹೇಳುವಾಗ ಇದು ಸುಳ್ಳು ಎಂದೂ ಅನ್ನಿಸಲಿಲ್ಲ, ಗೆಳತಿಯ ಮಾನ ಕಾಪಾಡುತ್ತಿದ್ದೇನೆ ಎಂದೇ ಅಂದುಕೊಂಡೆ. ಸ್ವಲ್ಪ ಕೆಳಗೆ ದಾರಿ ಎರಡಾಗುತ್ತದೆ. ಬಲಗಡೆಯದು ನಮ್ಮದು, ಕಿರಿದು, ಕಲ್ಲುಕಲ್ಲು. ಎಡಗಡೆಯದು ದನ ಓಡಾಡಿ ಅಗಲವಾದದ್ದು, ನೋಡಲಿಕ್ಕೆ ಅದೇ ಸರಿಯಾದ ದಾರಿಯ ಹಾಗಿದೆ. ಅದು ಮುಂದೆ ಒಂದು ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಅಲ್ಲಿಂದ ನೇರ ಕೆಳಗೆ ಬೀಳುತ್ತದೆ. ಧರ್ಮಣ್ಣ ಕವಲಿನಲ್ಲಿ ನಿಂತು ಬಲಗಡೆಯ ಕೊಂಬೆಯಿಂದ ಕೆಂಪು ಬಟ್ಟೆ ಬಿಚ್ಚಿ, ನೀಟಾಗಿ ಮಡಚಿ, ಚೀಲಕ್ಕೆ ಹಾಕಿಕೊಂಡರು. ನಾನು ನಿಂತು ನೋಡಿದೆ. ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಹತ್ತಿದ ದಾರಿಯನ್ನೇ ಇಳಿಯುವುದು ತಾನೇ, ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡು ಬಾಯಿ ಮುಚ್ಚಿದೆ.

ಹನ್ನೆರಡೂಕಾಲಿಗೆ ಕೆಳಗಿದ್ದೆವು. ಸಂಕಪ್ಪಣ್ಣ ಡಬ್ಬಿ ಹಿಡಿದು ಅಂಗಳದಲ್ಲಿ ಕುಂಟುತ್ತ ಸುತ್ತುತ್ತಿದ್ದರು. ಐದು ಗಂಟೆ ಹೊತ್ತು ಅವರು ಹೀಗೇ ಸುತ್ತಿದ್ದಾರೆಂದು ಸಕ್ಕುಬಾಯಿ ದೂರು ಹೇಳಿದರು. ಎಲ್ಲರೂ ಒಟ್ಟಿಗೆ ಮುತ್ತಿಕೊಂಡರು. ಆ ಗದ್ದಲದಲ್ಲಿ ನಾನು ಎರಡೂ ಬಿಲ್ಲೆಗಳನ್ನು ಜೋಡಿಸಿ ಅವರ ಅಂಗೈಯಲ್ಲಿಟ್ಟೆ.

"ಹರ್ಷಿತಾ ಎಲ್ಲಿ?"

"ಕೈ ಕಾಲು ತೊಳ್ಕೊಳ್ತಿದ್ದಾಳೆ ಅಣ್ಣ."

ಎರಡನೆಯ ಸುಳ್ಳು. ಅವರು ಇಪ್ಪತ್ತೆರಡನ್ನೂ ಎಣಿಸಿದರು, ಡಬ್ಬಿಯ ಮುಚ್ಚಳ ಒತ್ತಿದರು, ಬಡಿಸಿ ಎಂದರು. ಅವರ ಮುಖದ ಮೇಲೆ ಅಂಥ ನಿರಾಳವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಕ್ಕಿ ಭಾಕರಿ, ಕಡಲೆಹಿಟ್ಟಿನ ಪಿಟ್ಲಾ, ಹಸಿಮೆಣಸಿನಕಾಯಿಯ ಚಟ್ನಿ. ನಾನು ಬಾಗಿಲಿಗೆ ಎದುರಾಗಿ ಕೂತೆ. ಹತ್ತು ನಿಮಿಷವಾಯಿತು. ಇಳಿದು ಬರುವ ದಾರಿಯ ಕೊನೆಯ ತಿರುವು ಅಲ್ಲಿಂದ ಕಾಣುತ್ತದೆ. ಒಂದು ನಾಯಿ ಬಂತು. ಒಬ್ಬ ಮುದುಕ ಸೌದೆ ಹೊತ್ತು ಬಂದ. ಹದಿನೈದು ನಿಮಿಷ. ಫೋನ್ ತೆಗೆದು ನೋಡಿದೆ, ಸಿಗ್ನಲ್ ಇಲ್ಲ, ಮತ್ತೆ ನೋಡಿದೆ. ಪಕ್ಕದಲ್ಲಿ ಮಿಥುನ ಯಾವುದೋ ಜೋಕು ಹೇಳಿದ, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಈಗ ಬರುತ್ತಾಳೆ, ಈಗ ಬಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಇನ್ನೊಂದು ನಿಮಿಷ ನೋಡೋಣ ಎಂದು ಒಂದೊಂದೇ ನಿಮಿಷ ಮುಂದೂಡುತ್ತಿದ್ದೆ.

ಸಂಕಪ್ಪಣ್ಣ ಎಲ್ಲರ ಊಟವಾಗದೆ ತಾವು ಊಟಕ್ಕೆ ಕೂರುವುದಿಲ್ಲ. ಮೊಣಕಾಲು ಎಳೆದುಕೊಂಡು ಮಜ್ಜಿಗೆಯ ಚೊಂಬು ಹಿಡಿದು ಸಾಲಿನಲ್ಲಿ ಬಂದರು. ನನ್ನ ಪಕ್ಕ ನಿಂತರು. ಹರ್ಷಿತಾಳಿಗೆ ಖಾರ ಆಗದು. ಹಾಗಾಗಿ ಮೆಣಸಿನಕಾಯಿ ಹಾಕದ ಮಜ್ಜಿಗೆ ಒಂದು ಲೋಟ ಅವರು ಮೊದಲೇ ತೆಗೆದಿಟ್ಟಿರುತ್ತಾರೆ, ಅವಳು ಕೇಳುವುದಿಲ್ಲವೆಂದು ಅವರಿಗೆ ಗೊತ್ತು. ಆ ಲೋಟ ಕಿಟಕಿಯಲ್ಲಿ ಹಾಗೇ ಇತ್ತು.

"ಮಜ್ಜಿಗೆಯ ಹುಡುಗಿ ಎಲ್ಲಿ?"

"ಟಾಯ್ಲೆಟ್‌ಗೆ ಹೋಗಿರ್ಬೇಕು," ಎಂದೆ.

ಇದು ಮೂರನೆಯದು. ಮೊದಲ ಎರಡಕ್ಕೆ ನಾನು ಏನಾದರೂ ಸಬೂಬು ಹೇಳಿಕೊಳ್ಳಬಲ್ಲೆ. ಇದಕ್ಕೆ ಇಲ್ಲ. ಆಗ ನನಗೆ ಚೆನ್ನಾಗಿ ಗೊತ್ತಿತ್ತು.

ಟಾಯ್ಲೆಟ್‌ಗೆ ಹೋದ ಹೆಣ್ಣುಮಗಳನ್ನು ಹೇಗೆ ವಿಚಾರಿಸುವುದು? ಸಂಕಪ್ಪಣ್ಣ ಸಾಲಿನ ಕೊನೆಯವರೆಗೆ ಹೋದರು, ತಿರುಗಿ ಬಂದರು, ಕಿಟಕಿಯ ಲೋಟ ನೋಡಿದರು. ಮತ್ತೆ ಹೋದರು. ಕೊನೆಗೆ ಸಕ್ಕುಬಾಯಿಯ ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. ಆಕೆ ಊರ ಹಿಂದಿನ ಶೌಚಾಲಯದವರೆಗೆ ಹೋಗಿ ನೋಡಿಕೊಂಡು ಬಂದು, ಬಾಗಿಲಿನಿಂದಲೇ ಕೈ ಆಡಿಸಿದರು. "ಕೋಣೀ ನಾಹೀ." ಅಲ್ಲಿ ಯಾರೂ ಇರಲಿಲ್ಲ.

ಸಂಕಪ್ಪಣ್ಣ ಡಬ್ಬಿಯನ್ನು ನೆಲದ ಮೇಲೆ ಸುರಿದರು. ಬಿಲ್ಲೆಗಳ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. ಒಂದನ್ನು ಹೆಕ್ಕಿ ಎತ್ತಿ ಹಿಡಿದರು. "ಹತ್ತೊಂಬತ್ತು. ಇದು ಯಾರ ಕೈಯಿಂದ ಬಂತು?"

ನಾನು ಎದ್ದು ನಿಂತೆ. ಎಲ್ಲವನ್ನೂ ಹೇಳಿದೆ. ಹೊಟ್ಟೆ ಕೆಟ್ಟದ್ದನ್ನು, ಪೊದೆಯನ್ನು, ಎಲ್ಲವನ್ನೂ, ಇಪ್ಪತ್ತು ಜನರೆದುರು. ಯಾರಿಗೂ ಗೊತ್ತಾಗಬಾರದು ಎಂದು ಅವಳು ಬೇಡಿಕೊಂಡದ್ದೆಲ್ಲ ಹಾಗೆ ಬಯಲಾಯಿತು.

ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಎಲ್ಲಿ ಬಿಟ್ಟದ್ದು, ಎಷ್ಟು ಗಂಟೆಗೆ, ಅವಳ ರೇನ್‌ಕೋಟಿನ ಬಣ್ಣ ಯಾವುದು, ಹತ್ತಿರ ಸೀಟಿ ಉಂಟಾ, ನೀರುಂಟಾ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಧರ್ಮಣ್ಣನ ಕಡೆ ತಿರುಗಿದರು. "ಕವಲಿನ ಬಟ್ಟೆ ಬಿಚ್ಚಿ ಆಗಿದೆಯಾ?"

ಧರ್ಮಣ್ಣ ಚೀಲ ತೆರೆದು ಮಡಚಿದ ಬಟ್ಟೆಗಳನ್ನು ತೋರಿಸಿದರು. "ಮುಂದ ಹೋಗ್ಯಾರ ಅಂದ್ರಲ್ರೀ ಇವರು," ಎಂದರು, ಅಷ್ಟೇ. ನನ್ನ ಮುಖ ನೋಡಲಿಲ್ಲ.

ಗಂಟೆ ಒಂದಾಗಿತ್ತು. ಮಿಥುನ ಮತ್ತು ಏಳೆಂಟು ಜನ ಶೂ ಹಾಕಿಕೊಂಡು ಓಡಲು ಸಿದ್ಧರಾದರು. ಸಂಕಪ್ಪಣ್ಣ ಬಾಗಿಲಿಗೆ ಅಡ್ಡ ನಿಂತರು. "ಎಲ್ಲರೂ ಹೋದ್ರೆ ಆಮೇಲೆ ಎಲ್ಲರನ್ನೂ ಹುಡುಕ್ಬೇಕಾಗ್ತದೆ. ಸಕ್ಕುಬಾಯಿಗೆ ದನದ ದಾರಿ ಗೊತ್ತುಂಟು, ಅವಳು ಬರ್ಲಿ. ಧರ್ಮಣ್ಣ ಬರ್ಲಿ. ಜಾಗ ತೋರಿಸ್ಲಿಕ್ಕೆ ಇವಳು. ಮಿಥುನ, ನೀವು ಇಲ್ಲಿ. ಮೂರೂವರೆಗೆ ನಾವು ಬಾರದಿದ್ರೆ ಸಿಗ್ನಲ್ ಸಿಗುವಲ್ಲಿಗೆ ಹೋಗಿ ಪೊಲೀಸಿಗೆ ಫೋನ್ ಮಾಡಿ. ಈ ಮನೆಯಿಂದ ಒಬ್ಬರೂ ಕದಲ್ಬಾರ್ದು."

"ನಾವು ಅಂದ್ರೆ? ನಿಮ್ಮ ಮೊಣಕಾಲು…" ಎಂದೆ.

"ಮೊಣಕಾಲು ನನ್ನದು. ನೀನು ನಡಿ."

ಆರು ವರ್ಷದಲ್ಲಿ ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು.

ಆ ಒಂದು ಗಂಟೆಯನ್ನು ಈಗ ನೆನೆದರೂ ಕಾಲು ತಾನೇ ಅಲುಗತೊಡಗುತ್ತದೆ. ಸಕ್ಕುಬಾಯಿ ಮುಂದೆ, ಅವರ ಹಿಂದೆ ಸಂಕಪ್ಪಣ್ಣ, ಆಮೇಲೆ ನಾನು, ಕೊನೆಗೆ ಧರ್ಮಣ್ಣ. ನನಗೆ ಓಡಬೇಕಿತ್ತು. ಸಂಕಪ್ಪಣ್ಣ ಕೋಲೂರಿ, ಒಂದು ಕಾಲು ಇಟ್ಟು, ಅದು ಕೂತಿತೇ ಎಂದು ನೋಡಿ, ಇನ್ನೊಂದನ್ನು ಎಳೆದು ಪಕ್ಕಕ್ಕೆ ತರುತ್ತಿದ್ದರು. ನೆರಿಗೆ ಬಿದ್ದ ಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಪಕ್ಕದಿಂದ ನುಗ್ಗಿ ಹೋಗಲು ನೋಡಿದೆ. ಅವರು ಕೋಲನ್ನು ಅಡ್ಡ ಹಿಡಿದರು.

"ಅಣ್ಣ, ಬಿಡಿ! ಅವಳು ಅಲ್ಲಿ ಒಬ್ಳೇ ಇದ್ದಾಳೆ!"

"ಗೊತ್ತುಂಟು. ಒಬ್ಬಳನ್ನು ಹುಡುಕ್ಲಿಕ್ಕೆ ಹೊರಟದ್ದು ನಾವು. ಇಬ್ಬರನ್ನಲ್ಲ." ಅವರ ಕುತ್ತಿಗೆಯ ನರ ಉಬ್ಬಿತ್ತು. ನೋವಿನಿಂದಲೋ ಸಿಟ್ಟಿನಿಂದಲೋ ನನಗೆ ತಿಳಿಯಲಿಲ್ಲ. "ತುಂಬಿದ ತಟ್ಟೆ ಹಿಡಿದ ಸಪ್ಲಾಯರ್ ಹೇಗೆ ನಡೀತಾನೆ ನೋಡಿದ್ದೀಯಲ್ಲ? ಹಾಗೆ ನಡಿ."

ಅವರ ಬೆನ್ನನ್ನು ನೋಡುತ್ತ ನಡೆದೆ. ಮನುಷ್ಯನ ಮೈಯೆಲ್ಲ ಅವಸರದಿಂದ ಅದುರುತ್ತಿತ್ತು, ಕಾಲು ಮಾತ್ರ ನಿಧಾನವಾಗಿತ್ತು. ಹುಟ್ಟಿದಾಗಿನಿಂದ ಒಂದು ಕಡೆ ಕೂರದ ಮನುಷ್ಯ ಆ ನಿಧಾನವನ್ನು ಎಲ್ಲಿಂದ ತರುತ್ತಿದ್ದರೋ ಗೊತ್ತಿಲ್ಲ. ನಾನು ಬಾಯಲ್ಲಿ ದೇವರ ಹೆಸರುಗಳನ್ನೆಲ್ಲ ಹೇಳಿಕೊಂಡೆ. ಹಳ್ಳ ಬೀಳುವ ಜಾಗ ಕಣ್ಣ ಮುಂದೆ ಬರುತ್ತಿತ್ತು, ತಲೆ ಕೊಡವುತ್ತಿದ್ದೆ, ಮತ್ತೆ ಬರುತ್ತಿತ್ತು. ತುಮಕೂರಿನಲ್ಲಿರುವ ಅವಳ ಅಮ್ಮನಿಗೆ ಯಾವ ಮಾತಿನಿಂದ ಶುರುಮಾಡಿ ಹೇಳುವುದು ಎಂದು ಕೂಡ ಯೋಚಿಸಿದೆ.

ಕವಲಿಗೆ ಬಂದಾಗ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಸಂಕಪ್ಪಣ್ಣ ಅಲ್ಲೇ ಮರಕ್ಕೆ ಒರಗಿ ನಿಂತು ಮೂರು ಸಲ ಸೀಟಿ ಊದಿದರು. ಕಿವಿಗೊಟ್ಟು ಕೇಳಿದೆವು. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಊದಿದರು. ನಾನು ಅವಳ ಹೆಸರು ಕೂಗಿದೆ, ಮಂಜು ನನ್ನ ದನಿಯನ್ನು ನಾಲ್ಕು ಮಾರು ದೂರ ಕೂಡ ಹೋಗಗೊಡಲಿಲ್ಲ. ಸಕ್ಕುಬಾಯಿ ದನದ ದಾರಿಯಲ್ಲಿ ಬಗ್ಗಿ ನೋಡುತ್ತ ಹೋಗಿ ಕೈಸನ್ನೆ ಮಾಡಿದರು. ಕೆಸರಿನಲ್ಲಿ ಒಂದು ಶೂ ಗುರುತು, ಅದರ ತುಂಬ ನೀರು. ಹಿಮ್ಮಡಿ ಜಾರಿ ಗೆರೆ ಎಳೆದಿತ್ತು.

ಮೂರನೇ ಸಲ ಊದಿದ ಮೇಲೆ ಉತ್ತರ ಬಂತು. ಸಣ್ಣದಾಗಿ, ಕೆಳಗಿನಿಂದ. ಒಂದು, ಎರಡು, ಮೂರು. ಧರ್ಮಣ್ಣ ಅಲ್ಲೇ ಕೂತು ಅತ್ತುಬಿಟ್ಟರು.

ಹರ್ಷಿತಾ ಹಳ್ಳದ ಅಂಚಿನಿಂದ ನಲವತ್ತು ಹೆಜ್ಜೆ ಈಚೆ, ಒಂದು ಗಿಡದ ಬುಡ ತಬ್ಬಿಕೊಂಡು ಕೂತಿದ್ದಳು. ಮೊಣಕಾಲಿನಿಂದ ಪಾದದವರೆಗೆ ಚರ್ಮ ಕಿತ್ತುಹೋಗಿತ್ತು, ಚಳಿಗೆ ಹಲ್ಲು ಕಟಕಟಿಸುತ್ತಿದ್ದವು. ಜಾರಿ ಬಿದ್ದ ಮೇಲೆ ಎದ್ದು ಮುಂದೆ ಹೋಗೋಣವೆಂದುಕೊಂಡಳಂತೆ, ಮುಂದೆ ದಾರಿ ಇನ್ನೂ ಚೆನ್ನಾಗಿ ಕಾಣುತ್ತಿತ್ತಂತೆ. "ಕೆಂಪು ಬಟ್ಟೆ ಒಂದೂ ಸಿಗ್ಲಿಲ್ಲ," ಎಂದಳು. "ಅಣ್ಣ ಹೇಳಿದ್ದು ನೆನಪಾಯ್ತು. ಕೂತ್ಬಿಟ್ಟೆ. ಊದಿ ಊದಿ ಸಾಕಾಯ್ತು." ಆಮೇಲೆ ನನ್ನನ್ನು ನೋಡಿದಳು. "ಗಂಟೆ ಎಷ್ಟು?"

"ಎರಡು."

"ಇಷ್ಟು ಹೊತ್ತು ನೀನು ಯಾರಿಗೂ ಹೇಳ್ಲಿಲ್ವಾ?"

ಅವಳಿಗೆ ಸಿಟ್ಟು ಇರಲಿಲ್ಲ. ನಿಜವಾಗಿ ಕೇಳಿದ್ದಳು. ನಾನು ನನ್ನ ರೇನ್‌ಕೋಟ್ ಬಿಚ್ಚಿ ಅವಳಿಗೆ ಹೊದಿಸಿದೆ.

ಇಳಿಯುವಾಗ ಸಂಕಪ್ಪಣ್ಣನ ಮೊಣಕಾಲು ಸಂಪೂರ್ಣ ಕೈಕೊಟ್ಟಿತು. ಆ ಕಡಿದಾದ ಬಂಡೆಯ ಹತ್ತಿರ ಅವರು ಮುಖವನ್ನು ಕಲ್ಲಿಗೆ ತಿರುಗಿಸಿ ಎರಡು ಕೈಯಲ್ಲಿ ಹಿಡಿದು ನಿಂತರು, ಕಾಲು ಎಲ್ಲಿಡುವುದೆಂದು ಅವರಿಗೆ ತಿಳಿಯಲಿಲ್ಲ. ಸಕ್ಕುಬಾಯಿ ಕೆಳಗಿನಿಂದ ಅವರ ಪಾದ ಹಿಡಿದು, "ಹಳೂ, ಹಳೂ," ಎಂದು ಮೆಲ್ಲಗೆ ಇಳಿಯಲು ಹೇಳುತ್ತ, ನಡುನಡುವೆ ಬೈಯುತ್ತ, ಒಂದೊಂದೇ ಕಲ್ಲಂಚಿಗೆ ಇಟ್ಟು ಇಳಿಸಿದರು. ನಾವು ಮನೆ ಸೇರಿದಾಗ ಮೂರೂಕಾಲು. ಮಿಥುನ ಕೈಯಲ್ಲಿ ಫೋನ್ ಹಿಡಿದು ಅಂಗಳದಲ್ಲಿ ಸುತ್ತುತ್ತಿದ್ದ.

ಮೊಣಕಾಲಿಗೆ ಆಪರೇಷನ್ ಆಯಿತು. ಇನ್ನು ಮೆಟ್ಟಿಲು ಹತ್ತಬಹುದು, ಗುಡ್ಡ ಮುಗಿಯಿತು ಎಂದರು ಡಾಕ್ಟರು. ನಾನು ನೋಡಲು ಹೋಗಲಿಲ್ಲ. ಫೋನ್ ಮಾಡಿ ಇಟ್ಟುಬಿಡುತ್ತಿದ್ದೆ. ಆರು ವಾರದ ಮೇಲೆ ಉಮಾವತಿಯಕ್ಕ ಕರೆಸಿದರು. ಗುಂಪಿಗೆ ಬರಬೇಡ ಎನ್ನಲಿಕ್ಕೇ ಕರೆಸಿರಬೇಕು ಎಂದುಕೊಂಡು ಹೋದೆ. ಹಾಗೆ ಹೇಳಿದ್ದರೆ ಅದು ಸರಿಯೂ ಆಗಿರುತ್ತಿತ್ತು.

ಸಂಕಪ್ಪಣ್ಣ ಗಲ್ಲಾಪೆಟ್ಟಿಗೆಯ ಹಿಂದಿನ ಆ ಸ್ಟೂಲಿನ ಮೇಲೆ ಕೂತಿದ್ದರು. ಅದನ್ನು ನೋಡಿ ನನಗೆ ಅಳು ಬಂತು.

"ಅಳ್ಬೇಡ. ಕಾಫಿ ಕುಡಿ," ಎಂದರು. ನಾನು ಕುಡಿದು ಮುಗಿಸುವವರೆಗೆ ಸ್ಟೂಲಿನ ಮೇಲೆ ಆಚೀಚೆ ಸರಿದಾಡಿದರು. "ನಿನ್ನ ತಪ್ಪು ನಿನಗೆ ಗೊತ್ತುಂಟು, ಅದನ್ನು ನಾನು ಹೇಳುದಿಲ್ಲ. ನನ್ನದು ಹೇಳ್ತೇನೆ. ಡಬ್ಬಿ ತುಂಬುವವರೆಗೆ ಹಸಿದವರನ್ನು ಕಾಯಿಸಿದ್ದು ನಾನು. ಹಸಿದ ಜನ ಬೇಗ ಊಟ ಸಿಗ್ಲಿಕ್ಕೆ ಎಂತ ಬೇಕಾದ್ರೂ ಹೇಳ್ತಾರೆ. ನಲವತ್ತು ವರ್ಷ ಹೋಟೆಲ್ ಮಾಡಿದವನಿಗೆ ಅದು ಗೊತ್ತಿರ್ಬೇಕಿತ್ತು. ಇನ್ನು ಬಂದವರು ಬಂದ ಹಾಗೆ ಉಣ್ಲಿ. ಇನ್ನೊಂದು. ಹತ್ತು ವರ್ಷ ಕೊನೆಗೆ ನಡೆದವನು ನಾನು. ಎಷ್ಟು ಜನ ಹೆಣ್ಣುಮಕ್ಕಳು ನನಗೆ ಹೇಳ್ಲಿಕ್ಕೆ ನಾಚಿ ಹೊಟ್ಟೆ ಹಿಡ್ಕೊಂಡು ಇಳಿದಿದ್ದಾರೋ. ಹಿಂದೆ ಒಬ್ಬಳು ಹೆಂಗಸು ಬೇಕಿತ್ತು. ನನಗೆ ಹೊಳೆಯಲೇ ಇಲ್ಲ ನೋಡು."

ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಬಟ್ಟೆಯ ಚೀಲ ತೆಗೆದು ನನ್ನ ಮುಂದಿಟ್ಟರು. ಕೊನೆಗೆ ನಡೆಯುವವರು ಹಿಡಿಯುವ ಕೆಂಪು ಪಟ್ಟಿಗಳ ಚೀಲ.

"ನನಗೆ ಬೇಡ ಅಣ್ಣ. ಬೇರೆ ಯಾರಿಗಾದ್ರೂ ಕೊಡಿ. ನನಗೆ ಒಂದು ನಿಮಿಷ ನಿಲ್ಲೋಕೆ ಆಗಲ್ಲ, ನಿಮಗೇ ಗೊತ್ತು."

"ಗೊತ್ತುಂಟು. ಅದಕ್ಕೇ ಕೊಡುದು. ಇನ್ನು ನೀನು ನಿಲ್ತಿ."

ನಾನು ಈಗ ನಿಲ್ಲುತ್ತೇನೆ. ಈ ಮಳೆಗಾಲದ ಪ್ರತಿ ಭಾನುವಾರ ಯಾರಾದರೊಬ್ಬಳು ಹಿಂದೆ ಉಳಿದು ಕಿವಿಯ ಹತ್ತಿರ ಬರುತ್ತಾಳೆ. "ಅಕ್ಕ, ಒಂದ್ನಿಮಿಷ." ಬೆನ್ನು ತಿರುಗಿಸಿ ಮಳೆಯಲ್ಲಿ ನಿಲ್ಲುತ್ತೇನೆ. ಅವಳು ಬಂದು ನನ್ನನ್ನು ದಾಟಿ ಮುಂದೆ ಹೋಗುವವರೆಗೆ ಕವಲಿನ ಕೆಂಪು ಬಟ್ಟೆಯ ಗಂಟಿಗೆ ಕೈ ಹಚ್ಚುವುದಿಲ್ಲ. ಆದರೆ ಒಳಗೆ ತಳಮಳ ನಿಂತಿಲ್ಲ. ಪುಣೆಯ ಟ್ರಾಫಿಕ್ಕಿನಲ್ಲೂ ಆಫೀಸಿನ ಮೀಟಿಂಗಿನಲ್ಲೂ ತಲೆ ಎಣಿಸುತ್ತಿರುತ್ತೇನೆ. ಹರ್ಷಿತಾ ಇನ್ನೂ ನನ್ನ ಜೊತೆಗೇ ಇದ್ದಾಳೆ, ಗುಡ್ಡಕ್ಕೂ ಬರುತ್ತಾಳೆ. ಕೆಳಗೆ ಬಂದ ತಕ್ಷಣ ಬಿಲ್ಲೆಯನ್ನು ತಾನೇ ಹೋಗಿ ಸಂಕಪ್ಪಣ್ಣನಿಗೆ ಕೊಟ್ಟು, ಮಜ್ಜಿಗೆ ತಾನೇ ಕೇಳಿ ತೆಗೆದುಕೊಳ್ಳುತ್ತಾಳೆ.

ಎಲ್ಲರಾದ ಮೇಲೆ ನಾನು ಇಳಿಯುತ್ತೇನೆ. ಸಕ್ಕುಬಾಯಿಯ ಜಗಲಿಯಲ್ಲಿ ಸಂಕಪ್ಪಣ್ಣ ಕುರ್ಚಿಯ ಅಂಚಿಗೆ ಬಂದು ಕಾಯುತ್ತಿರುತ್ತಾರೆ. ನನ್ನ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟರೆ ಅವರು ನನ್ನ ಕೈಯನ್ನೂ ಸೇರಿಸಿ ಹಿಡಿದುಕೊಳ್ಳುತ್ತಾರೆ.

"ಹಿಂದೆ ಯಾರುಂಟು?"

"ಯಾರೂ ಇಲ್ಲ ಅಣ್ಣ."

ಅವರು ಕೈ ಬಿಡುವುದಿಲ್ಲ. ಒಬ್ಬೊಬ್ಬರನ್ನೂ ಮುಖ ನೋಡಿ ಮುಂದೆ ಕಳಿಸಿರುತ್ತೇನೆ, ಯಾರೂ ಇಲ್ಲವೆಂದು ಚೆನ್ನಾಗಿ ಗೊತ್ತಿರುತ್ತದೆ. ಆದರೂ ತಿರುಗಿ ಗುಡ್ಡದ ಕಡೆ ನೋಡುತ್ತೇನೆ. ಅವರೂ ನೋಡುತ್ತಾರೆ. ಆಮೇಲೆ ಕೈ ಬಿಟ್ಟು ಡಬ್ಬಿ ಮುಚ್ಚುತ್ತಾರೆ.